ದೀಕ್ಷಾಸ್ನಾನದ ಮರುದಿನ

ನಮ್ಮ ಪ್ರಾರ್ಥನಾ ಕೂಟಕ್ಕೆ ಅವನು ಮೊದಲ ಸಲ ಬಂದ ಸಂಜೆ ಚಪ್ಪಲಿಯನ್ನು ಹೊರಗೆ ಬಿಡಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದು, ಕೊನೆಯ ಸಾಲಿನ ಕುರ್ಚಿಯ ಕೆಳಗೆ ಇಟ್ಟುಕೊಂಡು ಕೂತ. ಯಾರೋ ಹೊಸಬರು ಎಂದು ನಾವೆಲ್ಲ ನೋಡಿಯೂ ನೋಡದ ಹಾಗೆ ಇದ್ದೆವು. ಎಷ್ಟೋ ತಿಂಗಳಾದ ಮೇಲೆ, ಅವತ್ತು ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ. "ಆ ಚಪ್ಪಲಿ ನಮ್ಮಣ್ಣ ಕೊಡಿಸಿದ್ದು. ಹೊರಗೆ ಬಿಟ್ಟಿದ್ರೆ ದಾರೀಲಿ ಹೋಗೋ ನಮ್ಮವರು ಯಾರಾದ್ರೂ ಗುರುತು ಹಿಡೀತಿದ್ರು ಬ್ರದರ್" ಎಂದ.

'ಬ್ರದರ್' ಎಂಬ ಮಾತನ್ನು ಅವನು ನಮ್ಮಿಂದಲೇ ಕಲಿತಿದ್ದ. ಹೆಸರು ಮರೆತಾಗ ಬಳಸಲು ನಮ್ಮ ಸಭೆಗಳಲ್ಲಿ ಇದಕ್ಕಿಂತ ಅನುಕೂಲದ ಪದ ಇನ್ನೊಂದಿಲ್ಲ.

ಅವನು ಇಸ್ಲಾಮಿನಿಂದ ಯಾಕೆ ಬಂದ, ಹೇಗೆ ಬಂದ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಬೇಕಾದಷ್ಟು ಜನ ಅವನ ಬಾಯಿಂದ ಹೇಳಿಸಿಕೊಂಡಿದ್ದಾರೆ. ದೀಕ್ಷಾಸ್ನಾನವಾದ, ಅಂದರೆ ನೀರಿನ ವಿಧಿಯಿಂದ ಕ್ರೈಸ್ತ ಸಭೆಗೆ ಸೇರಿದ, ಮೊದಲ ವರ್ಷ ಅವನಿಗೆ ಭಾನುವಾರಗಳೇ ಸಾಲುತ್ತಿರಲಿಲ್ಲ. ಈ ಸಭೆ, ಆ ಸಭೆ, ಯುವಕರ ಕೂಟ, ಉಪವಾಸ ಪ್ರಾರ್ಥನೆ, ಎಲ್ಲ ಕಡೆಯೂ ಅವನ 'ಸಾಕ್ಷಿ' ಬೇಕು, ಅಂದರೆ ನಂಬಿಕೆಗೆ ಬಂದ ಕಥೆ. ಹೇಳಿ ಹೇಳಿ ಕಥೆಗೆ ಒಂದು ಅಚ್ಚು ಬಂದುಬಿಟ್ಟಿತ್ತು. ಎಲ್ಲಿ ನಿಲ್ಲಿಸಿದರೆ ಜನ ಸ್ತೋತ್ರ ಎನ್ನುತ್ತಾರೆಂದು ಅವನಿಗೆ ಗೊತ್ತಾಗಿತ್ತು. ಎರಡನೆಯ ವರ್ಷ ಕರೆ ಕಡಿಮೆಯಾಯಿತು. ಮೂರನೆಯ ವರ್ಷಕ್ಕೆ ಬೇರೊಬ್ಬರ ಸಾಕ್ಷಿ ಸಿಕ್ಕಿತ್ತು. ಒಮ್ಮೆ ಅವನು ಯಾವ ಸಿಟ್ಟೂ ಇಲ್ಲದೆ ಹೇಳಿದ: "ಸಾಕ್ಷಿ ಹೇಳೋಕೆ ಕರೀತಾರೆ. ಊಟ ಆದ್ಮೇಲೆ ಬಸ್ ಹತ್ತಿಸ್ತಾರೆ."

ನಾನು ಹುಟ್ಟಿನಿಂದ ಕ್ರೈಸ್ತ. ನನ್ನ ಅಜ್ಜನಿಗೂ ಹೇಳಿಕೊಳ್ಳುವಂಥ ಕಥೆ ಇರಲಿಲ್ಲ. ಹೀಗಾಗಿ ಈ ಮಾತು ನನಗೆ ತಡವಾಗಿ, ಆದರೆ ಸರಿಯಾಗಿಯೇ ಚುಚ್ಚಿತು. ಆಮೇಲಿನ ಒಂದೆರಡು ವರ್ಷ ನಾನು ಹಳೆಯ ಮಿಷನ್ ಚರಿತ್ರೆಗಳನ್ನು ಬೇರೆ ಕಣ್ಣಿನಿಂದ ಓದತೊಡಗಿದೆ. ದೀಕ್ಷಾಸ್ನಾನದ ತಾರೀಖು ಎಲ್ಲ ಪುಸ್ತಕಗಳಲ್ಲೂ ಇರುತ್ತದೆ. ಅದರ ಮರುದಿನ ಆ ಮನುಷ್ಯ ಎಲ್ಲಿ ಮಲಗಿದ, ಯಾರ ಮನೆಯಲ್ಲಿ ಉಂಡ ಎಂಬುದನ್ನು ಮಾತ್ರ ಹುಡುಕಬೇಕು.

ಸಾಕ್ಷಿಯ ಹಸಿವು ನಮ್ಮ ಕಾಲದ ಕಾಯಿಲೆಯೇನಲ್ಲ. 1809ರ ಫೆಬ್ರವರಿಯಲ್ಲಿ, ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿಯಾಗಿದ್ದು ಊರಿಗೆ ಮರಳಿದ್ದ ಕ್ಲಾಡಿಯಸ್ ಬುಕಾನನ್ ಬ್ರಿಸ್ಟಲ್‌ನಲ್ಲಿ ಒಂದು ಪ್ರಸಂಗ, ಅಂದರೆ ಧರ್ಮೋಪದೇಶ ಮಾಡಿದ. ಅದರಲ್ಲಿ ಇಬ್ಬರು ಅರಬ್ ಗೆಳೆಯರ ಕಥೆಯಿತ್ತು. ಅಬ್ದುಲ್ಲಾ ಕ್ರೈಸ್ತನಾಗುತ್ತಾನೆ, ಗೆಳೆಯ ಸಬಾತ್ ಅವನನ್ನು ಹಿಡಿದುಕೊಡುತ್ತಾನೆ, ಬುಖಾರಾದಲ್ಲಿ ಅಬ್ದುಲ್ಲಾನ ತಲೆ ಹೋಗುತ್ತದೆ, ಪಶ್ಚಾತ್ತಾಪದಲ್ಲಿ ಬೆಂದ ಸಬಾತ್ ತಾನೂ ಕ್ರೈಸ್ತನಾಗುತ್ತಾನೆ. ಪ್ರಸಂಗ ಅಚ್ಚಾಯಿತು, ಮತ್ತೆ ಮತ್ತೆ ಅಚ್ಚಾಯಿತು. ಇಂಗ್ಲೆಂಡಿನ ಮನೆಮನೆಯಲ್ಲಿ ಸಬಾತನ ಹೆಸರು.

ಅದೇ ಹೊತ್ತಿಗೆ ಅಸಲು ಸಬಾತ್ ಉತ್ತರ ಭಾರತದಲ್ಲಿ ಹೆನ್ರಿ ಮಾರ್ಟಿನ್ ಎಂಬ ಯುವ ಪಾದ್ರಿಯ ಜೊತೆ ಅರಬ್ಬಿ, ಪಾರ್ಸಿ ಅನುವಾದಕ್ಕೆ ಕೂತಿದ್ದ. ವಿದ್ವಾಂಸ, ಮುಂಗೋಪಿ, ಯಾರ ಜೊತೆಗೂ ಹೊಂದಿಕೊಳ್ಳಲಾರದವನು. ಮಾರ್ಟಿನ್‌ನ ದಿನಚರಿಯಲ್ಲಿ ಅವನ ಬಗ್ಗೆ ಗೋಳೋ ಗೋಳು. ಮುಂದೆ ಸಬಾತ್ ಇಸ್ಲಾಮಿಗೆ ಮರಳಿ ಕ್ರೈಸ್ತ ಮತವನ್ನು ಖಂಡಿಸಿ ಪುಸ್ತಕವನ್ನೇ ಬರೆದ. ಇದನ್ನು ದ್ರೋಹದ ಕಥೆಯಾಗಿ ಹೇಳುವುದು ವಾಡಿಕೆ. ಇರಬಹುದು. ಆದರೆ ಅವನ ಕಥೆಯನ್ನು ಕಣ್ಣೀರಿಟ್ಟುಕೊಂಡು ಓದಿದ ಸಾವಿರಾರು ಜನರಲ್ಲಿ ಅವನ ಪಕ್ಕದಲ್ಲಿ ಇದ್ದವನು ಒಬ್ಬನೇ. ಆ ಒಬ್ಬನೂ ಕ್ಷಯದಿಂದ ಕೆಮ್ಮುತ್ತಿದ್ದ ಇಪ್ಪತ್ತೆಂಟರ ಹುಡುಗ.

ಅದೇ ಮಾರ್ಟಿನ್‌ನ ಅಂಗಳದಲ್ಲೇ ಇನ್ನೊಂದು ಬಗೆಯ ಕಥೆಯೂ ಶುರುವಾಯಿತು. 1810ರಲ್ಲಿ ಕಾನಪುರದ ಅವನ ಮನೆಯ ಮುಂದೆ ಭಾನುವಾರ ಭಿಕ್ಷುಕರು ಸೇರುತ್ತಿದ್ದರು. ಭಿಕ್ಷೆ ಕೊಡುವುದಕ್ಕೆ ಮುಂಚೆ ಅವರಿಗೆ ನಾಲ್ಕು ಮಾತು ಹೇಳುವುದು ಅವನ ಪದ್ಧತಿ. ಪಕ್ಕದ ತೋಟದಿಂದ ಕೆಲವು ಮುಸ್ಲಿಂ ಯುವಕರು ಇದನ್ನು ತಮಾಷೆಯಾಗಿ ನೋಡುತ್ತಿದ್ದರು. ಅವರಲ್ಲಿ ದೆಹಲಿಯ ಶೇಖ್ ಸಾಲಿಹ್ ಒಬ್ಬ. ತಮಾಷೆ ನೋಡಲು ಬಂದವನು ಕೆಲಸ ಕೇಳಿಕೊಂಡು ಒಳಗೆ ಬಂದ. ಬೈಬಲಿನ ಹೊಸ ಒಡಂಬಡಿಕೆಯ ಹಿಂದುಸ್ತಾನಿ ಹಸ್ತಪ್ರತಿಗೆ ರಟ್ಟು ಕಟ್ಟಿಸುವ ಕೆಲಸ ಅವನ ಪಾಲಿಗೆ ಬಂತು. ಕಟ್ಟಿಸುವ ಮೊದಲು ಕೂತು ಓದಿಬಿಟ್ಟ. 1811ರಲ್ಲಿ ಕಲ್ಕತ್ತೆಯಲ್ಲಿ ದೀಕ್ಷಾಸ್ನಾನವಾಗಿ 'ಅಬ್ದುಲ್ ಮಸೀಹ್' ಆದ, ಅಂದರೆ ಕ್ರಿಸ್ತನ ದಾಸ. ಅಷ್ಟು ಹೊತ್ತಿಗೆ ಮಾರ್ಟಿನ್ ಹಡಗು ಹತ್ತಿ ಪರ್ಷಿಯಾದ ಕಡೆ ಹೊರಟುಹೋಗಿದ್ದ. ಮರುವರ್ಷ ತುರ್ಕಿಯ ತೋಕಾತ್‌ನಲ್ಲಿ ತೀರಿಕೊಂಡ. ತನ್ನ ಮಾತಿನಿಂದ ಒಬ್ಬ ಮನುಷ್ಯನ ಬದುಕು ತಿರುಗಿದ್ದನ್ನು ಕಣ್ಣಾರೆ ಕಾಣುವ ಭಾಗ್ಯ ಅವನಿಗೆ ಇರಲಿಲ್ಲ.

ಅಬ್ದುಲ್ ಮಸೀಹನ ದಿನಚರಿಯ ಭಾಗಗಳೂ ಲಂಡನ್ನಿನ ಮಿಷನ್ ಪತ್ರಿಕೆಯಲ್ಲಿ ಪ್ರಕಟವಾಗುತ್ತಿದ್ದವು. ಆದರೆ ಅವನಿಗೆ ಒಂದು ಕಸುಬು ಗೊತ್ತಿತ್ತು. ಅವನು ಹಕೀಮ. 1813ರಲ್ಲಿ ಆಗ್ರಾಕ್ಕೆ ಹೋದವನು ಪ್ರಸಂಗದ ಜೊತೆಗೆ ಬಡವರಿಗೆ ಔಷಧಿ ಕೊಡತೊಡಗಿದ. ಜಗಳವಾಡಲು ಬಂದವರೂ ನಾಡಿ ತೋರಿಸಿಕೊಂಡು ಹೋದರು. 1825ರಲ್ಲಿ ಬಿಷಪ್ ಹೀಬರ್ ಅವನಿಗೆ ಆಂಗ್ಲಿಕನ್ ಸಭೆಯ ಪಾದ್ರಿಪಟ್ಟ ಕೊಟ್ಟ. ಎರಡು ವರ್ಷಗಳ ನಂತರ ಅಬ್ದುಲ್ ಮಸೀಹ್ ಲಖನೌದಲ್ಲಿ ತೀರಿಕೊಂಡ. ಸಬಾತನಿಗೂ ಇವನಿಗೂ ನಂಬಿಕೆಯ ಆಳದಲ್ಲಿ ಎಷ್ಟು ವ್ಯತ್ಯಾಸವಿತ್ತೋ ಅಳೆಯಲು ನಾನ್ಯಾರು. ಇವನ ಬಾಗಿಲಿಗೆ ಊರಿನ ಜನ ಬರುತ್ತಿದ್ದರು, ಅವನ ಕಥೆ ಕೇಳಲು ಅಲ್ಲ, ತಮ್ಮ ಹೊಟ್ಟೆನೋವು ಹೇಳಿಕೊಳ್ಳಲು. ಇಷ್ಟು ವ್ಯತ್ಯಾಸ ಮಾತ್ರ ನನಗೆ ಕಾಣುತ್ತದೆ.

ಎಲ್ಲರೂ ಹಕೀಮರಾಗಿರಲಿಲ್ಲ. ಮನೆಯಿಂದ ಹೊರಬಿದ್ದವನಿಗೆ ಮಿಷನ್ ಕಾಂಪೌಂಡೇ ಗತಿ. ಅಲ್ಲೊಂದು ಕೋಣೆ, ಉಪದೇಶಿಯ ಕೆಲಸ, ಇಲ್ಲವೇ ಪುಸ್ತಕ ಮಾರುವ ಕೆಲಸ, ಮಿಷನ್ ಶಾಲೆಯಲ್ಲಿ ಓದಿದ ಹುಡುಗಿಯ ಜೊತೆ ಮದುವೆ. ಇದರಲ್ಲಿ ಕರುಣೆ ಇತ್ತು, ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಸಂಬಳ ಕೊಡುವವನೂ ಪಾದ್ರಿಯೂ ಮನೆ ಮಾಲೀಕನೂ ಒಬ್ಬನೇ ಆದಾಗ ನಂಬಿಕೆಯ ಮೇಲೆ ನಿತ್ಯ ಒಂದು ಅನುಮಾನ ಕೂತಿರುತ್ತದೆ. ಹೊರಗಿನವರಿಗೆ ಇವನು ಕೂಳಿಗಾಗಿ ಬದಲಾದವನು. ಒಳಗಿನವರಿಗೆ ಇವನು ಯಾವಾಗ ಕೈಕೊಡುವನೋ ಎಂಬ ಅಳುಕು. ಭಾರತದಲ್ಲೇ ಹುಟ್ಟಿ ಬೆಳೆದ ಮಿಷನರಿ ಡೊನಾಲ್ಡ್ ಮೆಕ್‌ಗೆವ್ರನ್ 1950ರ ದಶಕದಲ್ಲಿ ಈ ಪದ್ಧತಿಯ ಮೇಲೆಯೇ ಕೈಮಾಡಿದ. ಒಬ್ಬೊಬ್ಬರನ್ನೇ ಅವರ ಜನರಿಂದ ಕಿತ್ತು ತಂದು ಕಾಂಪೌಂಡಿನಲ್ಲಿ ನೆಡುವುದರಿಂದ ಅವರು ತಮ್ಮವರ ಪಾಲಿಗೆ ಸತ್ತಂತಾಗುತ್ತಾರೆ ಎಂಬುದು ಅವನ ವಾದದ ತಿರುಳು. ಅವನು ಸೂಚಿಸಿದ ಪರಿಹಾರ, ಅಂದರೆ ಇಡೀ ಗುಂಪುಗಳೇ ಒಟ್ಟಾಗಿ ಬರುವುದು, ನನಗೆ ಅಷ್ಟೇನೂ ರುಚಿಸುವುದಿಲ್ಲ; ತಲೆ ಎಣಿಸುವ ಚಾಳಿಗೆ ಅದು ಒಳ್ಳೆಯ ಗೊಬ್ಬರವಾಯಿತು. ರೋಗವನ್ನಂತೂ ಸರಿಯಾಗಿ ಹಿಡಿದಿದ್ದ.

ಕಿತ್ತು ತಂದು ನೆಡುವ ಕೆಲಸದ ಅತಿರೇಕ ನೋಡಬೇಕಾದರೆ ಅಲ್ಜೀರಿಯಾಕ್ಕೆ ಹೋಗಬೇಕು. 1867–68ರ ಬರಗಾಲದಲ್ಲಿ ಅನಾಥರಾದ ಮುಸ್ಲಿಂ ಮಕ್ಕಳನ್ನು ಆಲ್ಜಿಯರ್ಸ್‌ನ ಆರ್ಚ್‌ಬಿಷಪ್ ಲಾವಿಜೆರಿ ನೂರುಗಟ್ಟಲೆ ತಂದು ಸಾಕಿದ. ಸಾಯುವ ಮಕ್ಕಳನ್ನು ಬದುಕಿಸಿದ್ದು ನಿಜ. ಬರ ಕಳೆದ ಮೇಲೆ ಮಕ್ಕಳನ್ನು ಅವರ ಕುಲದವರಿಗೆ ಒಪ್ಪಿಸಬೇಕೋ ಬೇಡವೋ ಎಂದು ಪ್ರಶ್ನೆ ಎದ್ದಾಗ ಅವನು ಒಪ್ಪಲಿಲ್ಲ. ಫ್ರೆಂಚ್ ಗವರ್ನರ್ ಜನರಲ್ ಮ್ಯಾಕ್‌ಮಹೋನ್ ಜೊತೆಗೇ ಜಟಾಪಟಿಗೆ ಇಳಿದ. ದೊಡ್ಡವರಾದ ಅನಾಥರಿಗೆ ಅವರಲ್ಲೇ ಮದುವೆ ಮಾಡಿಸಿ, ಜಮೀನು ಕೊಟ್ಟು ಕ್ರೈಸ್ತ ಹಳ್ಳಿಗಳನ್ನು ಕಟ್ಟಿದ. ಹಸಿದ ಮಗುವಿನ ಒಪ್ಪಿಗೆಗೆ ಏನು ಅರ್ಥ? ಈ ಪ್ರಶ್ನೆಯನ್ನು ಮಿಷನ್ನಿನ ವಿರೋಧಿಗಳು ಕೇಳುವ ಮೊದಲು ನಾವೇ ಕೇಳಿಕೊಳ್ಳಬೇಕಿತ್ತು. ಇದೇ ಲಾವಿಜೆರಿ ಮುಂದೆ ತಾನು ಕಟ್ಟಿದ ಮಿಷನರಿ ಸಂಘದ 'ಬಿಳಿ ಪಾದ್ರಿ'ಗಳಿಗೆ, ದೀಕ್ಷಾಸ್ನಾನ ಕೇಳಿ ಬಂದವರನ್ನು ನಾಲ್ಕು ವರ್ಷ ಕಾಯಿಸಿ ಎಂದು ಕಟ್ಟುನಿಟ್ಟು ಮಾಡಿದ. ಅವಸರದ ಫಲವನ್ನು ಕಂಡವನಿಗಷ್ಟೇ ಅಂಥ ನಿಯಮ ಹೊಳೆದೀತು ಎಂಬುದು ನನ್ನ ಊಹೆ.

ಇನ್ನು ಕಾನೂನು. ಇಲ್ಲಿ ಎರಡು ಬಗೆಯ ಸುಳ್ಳು ಹೇಳುವವರಿದ್ದಾರೆ. ಇಸ್ಲಾಮನ್ನು ಬಿಟ್ಟವರಿಗೆ ಏನೂ ಆಗುವುದಿಲ್ಲ ಎನ್ನುವವರು ಒಂದು ಕಡೆ; ಮುಸ್ಲಿಮರೆಲ್ಲ ಕತ್ತಿ ಹಿಡಿದು ಕಾಯುತ್ತಿರುತ್ತಾರೆ ಎನ್ನುವವರು ಇನ್ನೊಂದು ಕಡೆ. ಹಳೆಯ ಫಿಕ್ಹ್ ಗ್ರಂಥಗಳಲ್ಲಿ, ಅಂದರೆ ಇಸ್ಲಾಮಿನ ಧರ್ಮಶಾಸ್ತ್ರಗಳಲ್ಲಿ, ಧರ್ಮತ್ಯಾಗಿ ಗಂಡಸಿಗೆ ಮರಣದಂಡನೆ ಇದೆ. "ಧರ್ಮದಲ್ಲಿ ಬಲವಂತವಿಲ್ಲ" ಎಂಬ ಕುರಾನಿನ ಮಾತನ್ನು ಮುಂದಿಟ್ಟು ಆ ದಂಡನೆಯನ್ನು ಒಪ್ಪದ ಮುಸ್ಲಿಂ ವಿದ್ವಾಂಸರೂ ಇದ್ದಾರೆ. ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯ 18ನೇ ವಿಧಿಯಲ್ಲಿ ಧರ್ಮವನ್ನು 'ಬದಲಿಸುವ' ಸ್ವಾತಂತ್ರ್ಯ ಎಂಬ ಮಾತು ಸೇರಲು ಲೆಬನಾನಿನ ಕ್ರೈಸ್ತ ಚಾರ್ಲ್ಸ್ ಮಲಿಕ್ ಪಟ್ಟುಹಿಡಿದ. ಮಿಷನರಿಗಳು ಸಾಮ್ರಾಜ್ಯದ ಮುಂಗಾಲುಗಳಾಗಿ ಬಂದವರು ಎಂದು ಸೌದಿ ಅರೇಬಿಯಾದ ಪ್ರತಿನಿಧಿ ಆಕ್ಷೇಪಿಸಿದ. ಆ ದೇಶ ಕೊನೆಗೆ ಮತ ಹಾಕದೆ ಉಳಿಯಿತು. ಪಾಕಿಸ್ತಾನದ ವಿದೇಶಾಂಗ ಮಂತ್ರಿ ಜಫರುಲ್ಲಾ ಖಾನ್ ಮಾತ್ರ ಕುರಾನನ್ನೇ ಉಲ್ಲೇಖಿಸಿ ಆ ವಿಧಿಯನ್ನು ಬೆಂಬಲಿಸಿದ. ಸೌದಿಯವನ ಆಕ್ಷೇಪವನ್ನು ಸುಮ್ಮನೆ ತಳ್ಳಿಹಾಕಲು ನನಗೆ ಮನಸ್ಸು ಬಾರದು. ಪಾದ್ರಿಯೂ ಫೌಜೂ ಒಂದೇ ಹಡಗಿನಲ್ಲಿ ಇಳಿದ ಬಂದರುಗಳು ಒಂದೆರಡಲ್ಲ. ಆದರೆ ಆ ಹಡಗಿನ ತಪ್ಪಿಗೆ ಇವತ್ತು ತನ್ನಷ್ಟಕ್ಕೆ ತಾನು ಓದಿ ಮನಸ್ಸು ಬದಲಿಸಿದ ಒಬ್ಬ ಹುಡುಗ ಯಾಕೆ ದಂಡ ಕಟ್ಟಬೇಕು?

ಜೀವ ಉಳಿದ ಮೇಲೂ ಉಳಿಯುವ ತೊಡಕುಗಳೇ ಹೆಚ್ಚು. ಮಲೇಷ್ಯಾದ ಲೀನಾ ಜಾಯ್ 1998ರಲ್ಲಿ ದೀಕ್ಷಾಸ್ನಾನ ಪಡೆದಾಕೆ. ಗುರುತಿನ ಚೀಟಿಯಲ್ಲಿ 'ಇಸ್ಲಾಂ' ಎಂದಿರುವ ತನಕ ಕ್ರೈಸ್ತನನ್ನು ಮದುವೆಯಾಗುವಂತಿಲ್ಲ. ಆ ಒಂದು ಪದವನ್ನು ತೆಗೆಸಲು ಆಕೆ ಕೋರ್ಟಿನಿಂದ ಕೋರ್ಟಿಗೆ ಅಲೆದಳು. 2007ರ ಮೇ ತಿಂಗಳಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯ 2–1ರ ತೀರ್ಪಿನಲ್ಲಿ, ಮೊದಲು ಷರಿಯಾ ಕೋರ್ಟಿನಿಂದ ಪತ್ರ ತಾ ಎಂದಿತು. ಬಿಟ್ಟುಬಂದ ಮನೆಯ ಯಜಮಾನನಿಂದಲೇ, ನಾನು ಮನೆ ಬಿಟ್ಟಿದ್ದೇನೆಂದು ಸಹಿ ಹಾಕಿಸಿಕೊಂಡು ಬಾ ಎಂದ ಹಾಗೆ.

ಬ್ರಿಟಿಷ್ ಇಂಡಿಯಾದ ಇನ್ನೊಂದು ಪ್ರಸಂಗ ನನಗೆ ಇದಕ್ಕಿಂತಲೂ ಯೋಚನೆಗೆ ಹಚ್ಚಿತು. ಇಸ್ಲಾಮಿ ಕಾನೂನಿನ ಪದ್ಧತಿಗಳಲ್ಲಿ ಒಂದಾದ ಹನಫಿ ಪದ್ಧತಿಯಲ್ಲಿ ಹೆಣ್ಣು ತಾನಾಗಿ ವಿಚ್ಛೇದನ ಪಡೆಯುವ ದಾರಿ ಬಹಳ ಇಕ್ಕಟ್ಟು. ಗಂಡ ಹೊಡೆಯಲಿ, ಬಿಟ್ಟುಹೋಗಲಿ, ಬಿಡುಗಡೆ ಸುಲಭವಿಲ್ಲ. ಆದರೆ ಅದೇ ಪದ್ಧತಿಯ ಪ್ರಕಾರ ಧರ್ಮ ಬಿಟ್ಟರೆ ಮದುವೆ ತಾನಾಗಿ ಮುರಿಯುತ್ತದೆ. ಪಂಜಾಬಿನ ಹೆಂಗಸರು ಈ ಕಿಂಡಿಯನ್ನು ಕಂಡುಕೊಂಡರು. ಮಿಷನ್ ಬಾಗಿಲಿಗೆ ಬಂದು ಕ್ರೈಸ್ತರಾದೆವು ಎಂದರು, ಕೋರ್ಟಿಗೆ ಹೋಗಿ ಗಂಡನಿಂದ ಬಿಡಿಸಿಕೊಂಡರು. ಕವಿ ಇಕ್ಬಾಲ್ ಕೂಡ ತಮ್ಮ ಉಪನ್ಯಾಸಗಳಲ್ಲಿ ಇದನ್ನು ಎತ್ತಿ, ಹೆಣ್ಣಿಗೆ ಇಂಥ ಗತಿ ತಂದ ಕಾನೂನಿನ ಬಗ್ಗೆ ಕಳವಳಪಟ್ಟರು. ದೇವಬಂದಿ ವಿದ್ವಾಂಸ ಅಶ್ರಫ್ ಅಲಿ ಥಾನವಿ 1931ರಲ್ಲಿ ಮಾಲಿಕಿ ಪದ್ಧತಿಯ ನಿಯಮಗಳನ್ನು ಎರವಲು ತಂದು ಹೆಂಗಸರಿಗೆ ವಿಚ್ಛೇದನದ ದಾರಿ ತೋರಿಸಿದರು. ಕೊನೆಗೆ 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆ ಬಂತು: ಹೆಣ್ಣಿಗೆ ವಿಚ್ಛೇದನ ಕೇಳಲು ಕಾರಣಗಳ ಪಟ್ಟಿ ಕೊಟ್ಟಿತು, ಜೊತೆಗೆ ಧರ್ಮ ಬಿಟ್ಟ ಮಾತ್ರಕ್ಕೆ ಮದುವೆ ಮುರಿಯುವುದಿಲ್ಲ ಎಂದು 4ನೇ ಕಲಮಿನಲ್ಲಿ ಆ ಕಿಂಡಿಯನ್ನು ಮುಚ್ಚಿತು.

ಆ ಹೆಂಗಸರನ್ನು ಮಿಷನ್ನಿನ ಲೆಕ್ಕದ ಪುಸ್ತಕದಲ್ಲಿ ಹೇಗೆ ಬರೆದುಕೊಂಡರೋ. ಮೋಸ ಮಾಡಿದವರು ಎನ್ನೋಣವೇ? ಅವರು ಕೇಳಿಕೊಂಡು ಬಂದದ್ದು ಬಿಡುಗಡೆಯನ್ನೇ. ನಾವು ಬಿಡುಗಡೆ ಎಂಬ ಪದವನ್ನು ಪೀಠದ ಮೇಲಿಂದ ದಿನಾ ಕೂಗುತ್ತೇವೆ. ಒಬ್ಬ ಹೆಣ್ಣು ಅದನ್ನು ಅಕ್ಷರಶಃ ತೆಗೆದುಕೊಂಡು ಬಂದಾಗ ಇದು ಆ ಅರ್ಥದ್ದಲ್ಲಮ್ಮ ಎನ್ನುತ್ತೇವೆ.

ನಂಬಿಕೆಯ ಸಾಚಾತನವನ್ನು ಅಳೆಯುವ ಹುಚ್ಚು ಈಗ ಸರ್ಕಾರಿ ಕಚೇರಿಗಳಿಗೆ ದಾಟಿದೆ. ಇರಾನ್, ಅಫ್ಘಾನಿಸ್ತಾನಗಳಿಂದ ಓಡಿಬಂದು ಯುರೋಪಿನಲ್ಲಿ ಆಶ್ರಯ ಕೇಳುವ ಮತಾಂತರಿಗಳನ್ನು ಅಧಿಕಾರಿಗಳು ಬೈಬಲ್ ಪರೀಕ್ಷೆಗೆ ಕೂರಿಸುತ್ತಾರೆ. 2019ರಲ್ಲಿ ಬ್ರಿಟನ್ನಿನ ಗೃಹ ಇಲಾಖೆ ಒಬ್ಬ ಇರಾನಿಯ ಅರ್ಜಿಯನ್ನು ತಿರಸ್ಕರಿಸುವಾಗ ಬೈಬಲಿನ ಹಿಂಸೆಯ ವಚನಗಳನ್ನು ಉದ್ಧರಿಸಿ, ಕ್ರೈಸ್ತ ಧರ್ಮ ಶಾಂತಿಯದ್ದೆಂದು ನೀನು ಹೇಳುವುದು ಇದಕ್ಕೆ ಹೊಂದುವುದಿಲ್ಲ ಎಂದು ಬರೆದಿತ್ತು. ಗದ್ದಲವಾದ ಮೇಲೆ ಹಿಂದೆಗೆಯಿತು. ನನ್ನನ್ನು ಆ ಪರೀಕ್ಷೆಗೆ ಕೂರಿಸಿದ್ದರೆ ಹನ್ನೆರಡು ಶಿಷ್ಯರ ಹೆಸರು ಹೇಳುವಷ್ಟರಲ್ಲಿ ಎಂಟನೆಯವನ ಹತ್ತಿರ ತಡವರಿಸುತ್ತಿದ್ದೆ.

ಸಭೆಗಳನ್ನು ಇಷ್ಟು ಬೈದ ಮೇಲೆ ಅವುಗಳ ಅಳುಕಿನ ಬಗ್ಗೆಯೂ ಹೇಳಬೇಕು. ಗ್ಯಾಂಬಿಯಾದ ಮುಸ್ಲಿಂ ಮನೆತನದಲ್ಲಿ ಹುಟ್ಟಿ, ಮುಂದೆ ಯೇಲ್ ವಿಶ್ವವಿದ್ಯಾಲಯದಲ್ಲಿ ಮಿಷನ್ ಚರಿತ್ರೆಯ ದೊಡ್ಡ ವಿದ್ವಾಂಸನಾದ ಲಮಿನ್ ಸಾನೆ ಹುಡುಗನಾಗಿದ್ದಾಗ ತಾನಾಗಿ ದೀಕ್ಷಾಸ್ನಾನ ಕೇಳಿಕೊಂಡು ಹೋದರೆ ಮೆಥೋಡಿಸ್ಟ್ ಪಾದ್ರಿ ಹಿಂದೆಮುಂದೆ ನೋಡಿದರು. ಬಾಗಿಲಿನಿಂದ ಬಾಗಿಲಿಗೆ ಅಲೆದು, ಕಾದು ಕಾದು ಆತ ಒಳಗೆ ಬಂದ. ಮಿಷನರಿಗಳು ಬಲೆ ಬೀಸಿ ಕೂತಿರುತ್ತಾರೆ ಎಂಬ ಚಿತ್ರಕ್ಕೆ ಇದು ತದ್ವಿರುದ್ಧ. ಆ ಹಿಂಜರಿಕೆ ಬರೀ ಹೇಡಿತನವಲ್ಲ. ಬಾಗಿಲು ತೆರೆದವರು ಏನು ತೆತ್ತಿದ್ದಾರೆ ಎಂಬುದಕ್ಕೆ ಇರಾನನ್ನು ನೋಡಿದರೆ ಸಾಕು.

ಮೆಹದಿ ದೀಬಾಜ್ ಚಿಕ್ಕ ವಯಸ್ಸಿನಲ್ಲೇ ಕ್ರೈಸ್ತನಾದ ಇರಾನಿ. ಕ್ರಾಂತಿಯ ನಂತರ ಸೆರೆ ಸೇರಿದವನು ಸುಮಾರು ಒಂಬತ್ತು ವರ್ಷ ಹೊರಗೆ ಬರಲಿಲ್ಲ. ಸಂಸಾರ ಒಡೆಯಿತು. ನಾಲ್ಕು ಮಕ್ಕಳು ಅಪ್ಪನಿಲ್ಲದೆ ಬೆಳೆದರು. 1993ರ ಡಿಸೆಂಬರಿನಲ್ಲಿ ಧರ್ಮತ್ಯಾಗದ ಅಪರಾಧಕ್ಕೆ ಮರಣದಂಡನೆಯ ತೀರ್ಪಾಯಿತು. ಆಗ ಅವನಿಗಾಗಿ ಜಗತ್ತಿನ ಮುಂದೆ ದನಿಯೆತ್ತಿದವರು ಹೈಕ್ ಹೋವ್‌ಸೆಪಿಯಾನ್ ಎಂಬ ಪಾದ್ರಿ. ಅವರು ಅರ್ಮೇನಿಯನ್, ಹುಟ್ಟಾ ಕ್ರೈಸ್ತ, ಸುಮ್ಮನಿದ್ದಿದ್ದರೆ ಕಾನೂನು ಅವರನ್ನು ಮುಟ್ಟುತ್ತಿರಲಿಲ್ಲ. ಮುಸ್ಲಿಮರನ್ನು ಆರಾಧನೆಗೆ ಸೇರಿಸುವುದಿಲ್ಲ ಎಂಬ ಮುಚ್ಚಳಿಕೆಗೆ ಸಹಿ ಹಾಕಿ ಎಂದು ಸಭೆಗಳ ಮೇಲೆ ಒತ್ತಡ ಬಂದಾಗ ಅವರು ಹಾಕಲಿಲ್ಲ. 1994ರ ಜನವರಿ ಮಧ್ಯದಲ್ಲಿ ದೀಬಾಜ್ ಬಿಡುಗಡೆಯಾದ. ಕೆಲವೇ ದಿನಗಳಲ್ಲಿ ಹೈಕ್ ಕಾಣೆಯಾದರು; ಆಮೇಲೆ ಸಿಕ್ಕಿದ್ದು ಹೆಣ. ಆರು ತಿಂಗಳೊಳಗೆ ದೀಬಾಜ್‌ನನ್ನೂ ಕೊಂದಿದ್ದರು.

ಸಹಾಯ, ಬೆಂಬಲ, ಆಸರೆ ಎಂದೆಲ್ಲ ನಾವು ಆಡುವ ಮಾತುಗಳ ನಿಜವಾದ ಬೆಲೆ ಇದು. ನಮ್ಮ ಕೂಟದವರು ತಿಂಗಳಿಗೊಮ್ಮೆ ಲಕೋಟೆಯಲ್ಲಿ ಹಾಕಿ ಕೊಡುತ್ತಿದ್ದ ನೋಟುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಲು ನನಗೆ ನಾಚಿಕೆಯಾಗುತ್ತದೆ.

ಬೇರೆ ದಾರಿ ಇರಲಿಲ್ಲವೆಂದಲ್ಲ. 1219ರಲ್ಲಿ, ಮುಸ್ಲಿಮರ ಮೇಲೆ ಕ್ರೈಸ್ತರು ಸಾರಿದ ಧರ್ಮಯುದ್ಧವಾದ ಐದನೆಯ ಕ್ರುಸೇಡಿನ ಕೊಲೆಗಳ ನಡುವೆ, ಇಟಲಿಯ ಸಂತ ಅಸ್ಸಿಸಿಯ ಫ್ರಾನ್ಸಿಸ್ ಈಜಿಪ್ಟಿನ ದಮಿಯೆತ್ತಾದಲ್ಲಿ ಯುದ್ಧದ ಗೆರೆ ದಾಟಿ ಸುಲ್ತಾನ್ ಅಲ್-ಕಾಮಿಲ್‌ನ ಡೇರೆಗೆ ಹೋದ. ಸುಲ್ತಾನ ಮತಾಂತರವಾಗಲಿಲ್ಲ, ಫ್ರಾನ್ಸಿಸನ ತಲೆಯೂ ಹೋಗಲಿಲ್ಲ. ಮರಳಿ ಬಂದ ಮೇಲೆ, 1221ರ ತನ್ನ ಪಂಥದ ನಿಯಮದಲ್ಲಿ, ಮುಸ್ಲಿಮರ ನಡುವೆ ಬದುಕಲು ಹೋಗುವವರಿಗೆ ಅವನು ಎರಡು ದಾರಿ ಹೇಳಿದ. ಒಂದು, ವಾದ ಜಗಳ ಮಾಡದೆ ಎಲ್ಲರಿಗೂ ತಗ್ಗಿ ನಡೆದು, ತಾವು ಕ್ರೈಸ್ತರೆಂದು ಒಪ್ಪಿಕೊಂಡಿರುವುದು. ಎರಡು, ದೇವರಿಗೆ ಇಷ್ಟವೆಂದು ಕಂಡಾಗ ವಾಕ್ಯ ಸಾರುವುದು. ಸಾರುವುದನ್ನು ಅವನು ಎರಡನೆಯದಾಗಿ ಇಟ್ಟ. ಏಳು ನೂರು ವರ್ಷಗಳ ಮೇಲೆ ಸಹಾರಾದ ತಮನ್‌ರಾಸೆತ್‌ನಲ್ಲಿ ಶಾರ್ಲ್ ದ ಫೂಕೋ ಎಂಬ ಫ್ರೆಂಚ್ ಪಾದ್ರಿ ಆ ಮೊದಲ ದಾರಿಯಲ್ಲೇ ಬದುಕಿದ. ತುವಾರೆಗ್ ಜನರ ನಡುವೆ ನೆಲೆಸಿ ಅವರ ಪದಗಳನ್ನು ಕಲೆಹಾಕಿ ನಿಘಂಟು ಮಾಡಿದ. 1916ರ ಡಿಸೆಂಬರ್ 1ರಂದು ಗುಂಡೇಟಿಗೆ ಸತ್ತಾಗ ಮತಾಂತರದ ಲೆಕ್ಕದಲ್ಲಿ ತೋರಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. 2022ರಲ್ಲಿ ವ್ಯಾಟಿಕನ್ ಅವನನ್ನು ಸಂತನೆಂದಿತು. ಫ್ರೆಂಚ್ ಸೇನೆಯ ಅಧಿಕಾರಿಗಳ ಜೊತೆ ಅವನಿಗಿದ್ದ ನಂಟನ್ನು ನಾನು ಮರೆತಿಲ್ಲ. ಆದರೂ ಒಬ್ಬ ಮನುಷ್ಯನ ಭಾಷೆಯನ್ನು ಪದ ಪದವಾಗಿ ಕಲಿಯುವಷ್ಟು ಕಾಲ ಅವನ ಪಕ್ಕದಲ್ಲಿ ಕೂರುವುದು ಸಣ್ಣ ಮಾತಲ್ಲ.

ನನ್ನ ಗೆಳೆಯನ ಭಾಷೆಯಲ್ಲಿ ನಾನು ಎಷ್ಟು ಪದ ಕಲಿತೆ? ನಾಲ್ಕು ವರ್ಷದಲ್ಲಿ ಅವನು ನಮ್ಮದನ್ನೆಲ್ಲ ಕಲಿತ. 'ದುವಾ' ಎನ್ನುವಲ್ಲಿ ಪ್ರಾರ್ಥನೆ ಎಂದ, 'ಈಸಾ' ಎನ್ನುವಲ್ಲಿ ಯೇಸು ಎಂದ. ಬಾಯಿ ತಪ್ಪಿ ಹಳೆಯ ಪದ ಬಂದರೆ ಅಕ್ಕಪಕ್ಕ ನೋಡುತ್ತಿದ್ದ. ಒಮ್ಮೆ ಬೈಬಲನ್ನು ನೆಲದ ಮೇಲಿಟ್ಟ ನನ್ನನ್ನು ನೋಡಿ ಅವನು ತಡೆಯಲಾರದೆ ಎತ್ತಿ, ಒರೆಸಿ, ಕುರ್ಚಿಯ ಮೇಲಿಟ್ಟ. ಗ್ರಂಥವನ್ನು ಹೇಗೆ ಹಿಡಿಯಬೇಕೆಂಬುದನ್ನು ಅವನು ತನ್ನ ಅಮ್ಮನ ಮನೆಯಲ್ಲಿ ಕಲಿತದ್ದು.

ಆ ಅಮ್ಮನ ಸುದ್ದಿ ಅವನು ಸಾಕ್ಷಿಯಲ್ಲಿ ಹೇಳುತ್ತಿರಲಿಲ್ಲ. ಸಾಕ್ಷಿಯಲ್ಲಿ ಇದ್ದದ್ದು ಅಪ್ಪನ ಸಿಟ್ಟು, ಅಣ್ಣನ ಬೆದರಿಕೆ, ಮನೆಯಿಂದ ಹೊರಬಿದ್ದ ರಾತ್ರಿ. ಜನ ಕೇಳಬಯಸುವುದು ಅದನ್ನೇ. ಅಮ್ಮ ಯಾರಿಗೂ ತಿಳಿಯದ ಹಾಗೆ ಪಕ್ಕದ ಮನೆಯ ಫೋನಿನಿಂದ ಕರೆ ಮಾಡಿ, ಧರ್ಮದ ವಿಷಯ ಎತ್ತದೆ, "ಉಂಡೆಯೇನೋ" ಎಂದಷ್ಟೇ ಕೇಳಿ ಇಟ್ಟುಬಿಡುತ್ತಿದ್ದಳು. ರಂಜಾನ್ ತಿಂಗಳಲ್ಲಿ ಯಾವ ಅಲಾರಾಂ ಇಲ್ಲದೆ ಅವನಿಗೆ ನಸುಕಿಗೆ ಮುಂಚೆ ಎಚ್ಚರವಾಗುತ್ತಿತ್ತು. ಕತ್ತಲಲ್ಲಿ ಸುಮ್ಮನೆ ಕೂತಿರುತ್ತಿದ್ದನಂತೆ. ಇದನ್ನು ನಮ್ಮ ಕೂಟದ ಹಿರಿಯರೊಬ್ಬರಿಗೆ ಹೇಳಿದಾಗ ಅವರು, ಹಳೆಯ ಜೀವನದ ಬಂಧನ ಇನ್ನೂ ಬಿಟ್ಟಿಲ್ಲ, ಪ್ರಾರ್ಥನೆ ಮಾಡೋಣ ಎಂದರು. ಮಾಡಿದರು ಕೂಡ, ತಲೆಯ ಮೇಲೆ ಕೈಯಿಟ್ಟು, ಜೋರಾಗಿ. ಅವನು ಆಮೆನ್ ಎಂದ. ಆಮೇಲೆ ಅಂಥದ್ದನ್ನು ಯಾರಿಗೂ ಹೇಳಲಿಲ್ಲ, ನನಗೆ ಬಿಟ್ಟು. ನಾನೂ ಅವತ್ತು ಹಿರಿಯರಿಗೆ ಎದುರು ಮಾತಾಡಲಿಲ್ಲ.

ಕಳೆದ ಮಳೆಗಾಲದಲ್ಲಿ ಅವನಿಗೆ ಒಂದು ಶಸ್ತ್ರಚಿಕಿತ್ಸೆಯಾಗಬೇಕಾಗಿ ಬಂತು. ದೊಡ್ಡದೇನಲ್ಲ, ಅಪೆಂಡಿಕ್ಸ್. ರಾತ್ರಿ ಹನ್ನೊಂದರ ಸುಮಾರಿಗೆ ಆಸ್ಪತ್ರೆಯಿಂದ ಅವನೇ ಫೋನ್ ಮಾಡಿ, "ಯಾರಾದ್ರೂ ಒಬ್ಬರು ಸಹಿ ಹಾಕಬೇಕಂತೆ ಬ್ರದರ್" ಎಂದ. ಹೋದೆ. ನರ್ಸ್ ಒಪ್ಪಿಗೆ ಪತ್ರವನ್ನು ಮುಂದಿಟ್ಟು ಬೆರಳಿನಿಂದ ತೋರಿಸಿದಳು: ಇಲ್ಲಿ ನಿಮ್ಮ ಹೆಸರು, ಇಲ್ಲಿ ಸಹಿ, ಇಲ್ಲಿ ರೋಗಿಗೆ ನೀವು ಏನಾಗಬೇಕು.

ಹೆಸರು ಬರೆದೆ. ಸಹಿ ಹಾಕಿದೆ. ಮೂರನೆಯ ಗೆರೆಯ ಹತ್ತಿರ ಪೆನ್ನು ನಿಂತಿತು. ಅವನ ಹೆಸರು ಒಂದು ಬಗೆ, ನನ್ನದು ಇನ್ನೊಂದು ಬಗೆ. ನರ್ಸ್ ಏನಂದುಕೊಂಡಾಳು, ನಾಳೆ ಹೆಚ್ಚುಕಮ್ಮಿಯಾದರೆ ಅವನ ಮನೆಯವರು ಬಂದು ನನ್ನನ್ನು ಏನು ಕೇಳಿಯಾರು, ಇದೆಲ್ಲ ಒಂದು ಗಳಿಗೆಯಲ್ಲಿ ತಲೆಯಲ್ಲಿ ಓಡಿತು. ಹಾಸಿಗೆಯ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದ ಅವನು ನನ್ನ ಕೈಯನ್ನೇ ನೋಡುತ್ತಿದ್ದ.

'ಪರಿಚಿತ' ಎಂದು ಬರೆದೆ.